ಗಾಳಿ ಇಳಿಸಿದಲ್ಲೇ ನಿಲ್ದಾಣ



2005ರ ನವೆಂಬರ್ 26, ಶನಿವಾರ. ಮಹಾಲಕ್ಷ್ಮಿ ರೇಸ್‌ಕೋರ್ಸ್‌ನಲ್ಲಿ ಅಂದು ಕುದುರೆಗಳ ಬದಲು ಒಂದು ದೈತ್ಯ ಬಲೂನು ಎದ್ದು ನಿಂತಿತ್ತು. ಅದರ ಕೆಳಗೆ ತೂಗುತ್ತಿದ್ದ ಮುಚ್ಚಿದ ಕೋಣೆಯೊಳಗೆ ಕುಳಿತಿದ್ದವರು 67 ವರ್ಷದ ವಿಜಯಪತ್ ಸಿಂಘಾನಿಯಾ. ಕೋಪರಿಯವರಿಗೆ ಈ ಹೆಸರು ಹೊಸದೇನಲ್ಲ. ಸ್ಟೇಷನ್ನಿನ ಆಚೆ ಬದಿಗೆ, ಪೋಖರಣ್ ರಸ್ತೆಯಲ್ಲಿದ್ದ ರೇಮಂಡ್ ಗಿರಣಿಯ ಮನೆತನದವರು. ಗಿರಣಿ ಈಗಿಲ್ಲ, ಹೆಸರು ಉಳಿದಿದೆ.

ಬೆಳಿಗ್ಗೆ ಹೊರಟ ಬಲೂನು 21,027 ಮೀಟರ್ ಎತ್ತರ ಮುಟ್ಟಿತು. ಎವರೆಸ್ಟಿನ ಮೇಲೆ ಇನ್ನೊಂದು ಎವರೆಸ್ಟ್ ಇಟ್ಟರೂ ಸಾಲದಷ್ಟು! 1988ರಲ್ಲಿ ಪೆರ್ ಲಿಂಡ್‌ಸ್ಟ್ರಾಂಡ್ ಮಾಡಿದ್ದ 19,811 ಮೀಟರಿನ ದಾಖಲೆ ಮುರಿಯಿತು. ಇದನ್ನೆಲ್ಲ ಅಂದಿನ ಪತ್ರಿಕೆಗಳಲ್ಲಿ ನೀವು ಓದಿರುತ್ತೀರಿ. ನನಗೆ ಕುತೂಹಲ ಹುಟ್ಟಿಸುವುದು ಏರಿದ ಎತ್ತರವಲ್ಲ, ಇಳಿದ ಜಾಗ. ಸಮುದ್ರದ ಮಗ್ಗುಲಿನಿಂದ ಹೊರಟವರು ಇಳಿದದ್ದು ಘಟ್ಟದ ಮೇಲೆ, ನಾಸಿಕ್ ಜಿಲ್ಲೆಯ ಸಿನ್ನರ್ ತಾಲ್ಲೂಕಿನ ಪಂಚಾಳೆ ಎಂಬ ಹಳ್ಳಿಯಲ್ಲಿ. ನಕ್ಷೆಯ ಮೇಲೆ ಆ ಎರಡು ಊರುಗಳ ನಡುವೆ ಅಡಿಕೋಲಿಟ್ಟು ಗೆರೆ ಎಳೆದು ನೋಡಿ. ಅದು ನವಿ ಮುಂಬಯಿ ದಾಟಿ, ಡೊಂಬಿವಲಿ, ಅಂಬರನಾಥಗಳ ಆಸುಪಾಸಿನಲ್ಲೇ ಹಾದು ಘಟ್ಟ ಹತ್ತುತ್ತದೆ. ಬಲೂನು ಅಡಿಕೋಲಿನ ಮಾತು ಕೇಳುವುದಿಲ್ಲ ಅನ್ನುವುದು ಬೇರೆ ಮಾತು.

ಯಾಕೆ ಕೇಳುವುದಿಲ್ಲ? ಬಲೂನಿಗೆ ಚುಕ್ಕಾಣಿ ಇಲ್ಲ. ಬೆಂಕಿ ಹೆಚ್ಚಿಸಿದರೆ ಮೇಲೆ, ಬಿಸಿಗಾಳಿ ಹೊರಬಿಟ್ಟರೆ ಕೆಳಗೆ. ಚಾಲಕನ ಕೈಯಲ್ಲಿರುವುದು ಇಷ್ಟೇ. ಆದರೆ ಗಾಳಿ ಒಂದೊಂದು ಎತ್ತರದಲ್ಲಿ ಒಂದೊಂದು ದಿಕ್ಕಿಗೆ ಬೀಸುತ್ತದೆ. ತನಗೆ ಬೇಕಾದ ದಿಕ್ಕಿನ ಗಾಳಿ ಯಾವ ಅಂತಸ್ತಿನಲ್ಲಿದೆ ಎಂದು ಹುಡುಕಿ ಆ ಎತ್ತರಕ್ಕೆ ಹೋಗುವುದೇ ಬಲೂನಿನ ಚಾಲನೆ. ನಮ್ಮ ಕೊಂಕಣದ ಕರಾವಳಿಯಲ್ಲಿ ಚಳಿಗಾಲದ ಬೆಳಗಿನ ಜಾವ ನೆಲದಿಂದ ಕಡಲಿನತ್ತ ಬೀಸುವ ಗಾಳಿ ಮಧ್ಯಾಹ್ನದ ಹೊತ್ತಿಗೆ ತಿರುಗಿ ಕಡಲಿನಿಂದ ನೆಲದತ್ತ ಬೀಸತೊಡಗುತ್ತದೆ. ಬಿಸಿಲೇರಿದ ಮೇಲೆ ನೆಲ ಕಾಯ್ದು ಗಾಳಿ ಸುಳಿಸುಳಿಯಾಗಿ ಏಳುತ್ತದೆ. ಬಲೂನಿನವರು ಸೂರ್ಯನೊಂದಿಗೇ ಏಳುವುದು ಇದಕ್ಕೇ, ಶಿಸ್ತಿಗಲ್ಲ. ಅಂದ ಹಾಗೆ, ಹವಾಮಾನ ವರದಿಯಲ್ಲಿ ನಾವು 'ವಾಯವ್ಯ ಮಾರುತ' ಎಂದು ಓದಿದರೆ ಅದು ಗಾಳಿ ಬರುವ ದಿಕ್ಕು, ಹೋಗುವ ದಿಕ್ಕಲ್ಲ. ಬಟ್ಟೆ ಒಣಹಾಕುವವರಿಗೆ ಈ ವ್ಯತ್ಯಾಸದಿಂದ ನಷ್ಟವಿಲ್ಲ. ಬಲೂನಿನವರಿಗೆ ಇದೆ.

ಎಷ್ಟು ನಷ್ಟ ಎಂಬುದಕ್ಕೆ ಢಾಕಾಕ್ಕೆ ಹೋಗಬೇಕು. 1892ರ ಮಾರ್ಚ್ 16ರ ಸಂಜೆ. ನವಾಬ ಅಹ್ಸಾನುಲ್ಲಾ ಅಮೆರಿಕದ ವ್ಯಾನ್ ಟಾಸೆಲ್ ಬಲೂನ್ ತಂಡವನ್ನು ಕರೆಸಿದ್ದರು. ಬೂಢಿಗಂಗಾ ನದಿಯ ದಕ್ಷಿಣ ದಡದಲ್ಲಿ ಬೆಂಕಿ ಹಾಕಿ ಬಲೂನಿಗೆ ಬಿಸಿಹೊಗೆ ತುಂಬಿದರು. ಜೀನೆಟ್ ವ್ಯಾನ್ ಟಾಸೆಲ್ ಎಂಬಾಕೆ ಅದರಲ್ಲಿ ಮೇಲೇರಿ, ಪ್ಯಾರಾಚೂಟ್ ಬಿಚ್ಚಿಕೊಂಡು, ನದಿಯಾಚೆಯ ನವಾಬರ ಅರಮನೆ ಅಹ್ಸಾನ್ ಮಂಜಿಲ್‌ನ ತಾರಸಿಯ ಮೇಲೆ ಇಳಿಯಬೇಕು. ನೋಡಲು ಜನವೋ ಜನ. ಏರಿದ್ದೇನೋ ಏರಿದರು. ಮೇಲಿನ ಗಾಳಿಗೆ ಅರಮನೆಯ ಲೆಕ್ಕವಿರಲಿಲ್ಲ. ಅದು ಅವರನ್ನು ತಾರಸಿ ದಾಟಿಸಿ, ಊರು ದಾಟಿಸಿ, ಶಾಹಬಾಗ್‌ನಲ್ಲಿದ್ದ ನವಾಬರ ತೋಟದತ್ತ ಒಯ್ದಿತು. ಪ್ಯಾರಾಚೂಟ್ ಎತ್ತರದ ಒಂದು ಮರಕ್ಕೆ ಸಿಕ್ಕಿ ಆಕೆ ನೇತಾಡತೊಡಗಿದರು. ಬಂಗಾಳಿಗಳು ಝಾವು ಅನ್ನುವ ಆ ಮರಕ್ಕೆ ನಮ್ಮಲ್ಲಿ ಗಾಳಿಮರ ಎಂದೇ ಹೆಸರು!

ಇಲ್ಲಿಯವರೆಗೆ ಆಕೆಗೆ ಏನೂ ಆಗಿರಲಿಲ್ಲ ಎಂಬುದನ್ನು ಗಮನಿಸಬೇಕು. ಪೊಲೀಸರು ಬಿದಿರಿನ ಗಳುಗಳನ್ನು ಒಂದಕ್ಕೊಂದು ಕಟ್ಟಿ ಮೇಲಕ್ಕೆ ಚಾಚಿದರು, ಹಿಡಿದು ಇಳಿಯಿರಿ ಎಂದರು. ಆಕೆ ಹಿಡಿದು ಇಳಿಯತೊಡಗಿದಾಗ ಕಟ್ಟು ಬಿಚ್ಚಿಕೊಂಡಿತು. ಬಿದ್ದ ಪೆಟ್ಟಿಗೆ ಎರಡು ದಿನಗಳಲ್ಲಿ ತೀರಿಕೊಂಡರು. ಢಾಕಾದ ನಾರಿಂದಾ ಸ್ಮಶಾನದಲ್ಲಿ ಅವರನ್ನು ಮಣ್ಣು ಮಾಡಿದರು. ಎಲ್ಲಿಂದ ಎಲ್ಲಿಗೆ ಬಂದ ಜೀವ! ಗಾಳಿಯ ಮೇಲೆ ತಪ್ಪು ಹೊರಿಸುವುದು ಸುಲಭ. ಆದರೆ ಗಾಳಿ ಆಕೆಯನ್ನು ಮರದವರೆಗೆ ಮಾತ್ರ ತಂದಿತ್ತು. ಉಳಿದದ್ದು ಒಂದು ಗಟ್ಟಿ ಏಣಿ ಇಲ್ಲದ್ದರಿಂದ ಆಯಿತು.

ಕಾಲ ಮುಂದುವರಿದರೂ ಇಳಿಯುವ ಗಳಿಗೆಯ ಅಪಾಯ ಕಡಿಮೆಯಾಗಿಲ್ಲ. 2012ರ ಆಗಸ್ಟ್‌ನಲ್ಲಿ ಸ್ಲೊವೇನಿಯಾದ ಲುಬ್ಲಿಯಾನಾ ಬಳಿ 32 ಮಂದಿಯನ್ನು ಹೊತ್ತ ಬಲೂನು ಇಳಿಯುವ ಹೊತ್ತಿಗೆ ಹವೆ ತಟ್ಟನೆ ಬದಲಾಗಿ, ಬಿರುಗಾಳಿ ಅದನ್ನು ಮರಗಳಿಗೆ ಅಪ್ಪಳಿಸಿತು. ಬೆಂಕಿ ಹತ್ತಿತು. 6 ಜನ ಸತ್ತರು. ಅದೇ 2025ರ ಜನವರಿಯಲ್ಲಿ ಪೊಳ್ಳಾಚಿಯ ಉತ್ಸವದಿಂದ ಹೊರಟ ಬಲೂನೊಂದು ರಾಜ್ಯದ ಗಡಿಯನ್ನೇ ದಾಟಿ ಕೇರಳದ ಪಾಲಕ್ಕಾಡ್ ಜಿಲ್ಲೆಯ ಭತ್ತದ ಗದ್ದೆಯಲ್ಲಿ ಕುಳಿತಾಗ ಯಾರಿಗೂ ಪೆಟ್ಟಾಗಲಿಲ್ಲ. ಗದ್ದೆಗೂ ಮರಕ್ಕೂ ಅಷ್ಟು ಅಂತರ.

ಅದೇ ತಿಂಗಳು ನಮ್ಮ ಬೀದರ್ ಜಿಲ್ಲೆಯಲ್ಲೂ ಒಂದು ಬಲೂನು ಇಳಿಯಿತು. ಹುಮನಾಬಾದ್ ತಾಲ್ಲೂಕಿನ ಜಲಸಂಗಿ ಗ್ರಾಮದವರು ಬೆಳಿಗ್ಗೆ ಎದ್ದಾಗ ಊರೊಳಗೇ ಭಾರೀ ಬಲೂನು, ಜೊತೆಗೆ ಕೆಂಪು ದೀಪ ಮಿನುಗಿಸುವ ಯಂತ್ರ! ಇದು ಜನ ಕೂರುವ ಬಿಸಿಗಾಳಿ ಬಲೂನಲ್ಲ, ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ ಹೈದರಾಬಾದಿನಿಂದ ಮೇಲ್ವಾತಾವರಣದ ಅಧ್ಯಯನಕ್ಕೆ ಬಿಟ್ಟದ್ದು. 1945ರಲ್ಲಿ ಹೋಮಿ ಭಾಭಾ ಬೆಂಗಳೂರಿನಲ್ಲಿ ಶುರು ಮಾಡಿ, ಅದೇ ವರ್ಷ ಮುಂಬಯಿಗೆ ತಂದ ಸಂಸ್ಥೆ ಅದು. ಊರವರು ಮೊದಲು ಹೆದರಿದರು, ಆಮೇಲೆ ಹತ್ತಿರ ಹೋಗಿ ನೋಡಿದರು. ಯಂತ್ರದ ಜೊತೆಗೆ ಸಂಸ್ಥೆಯ ಒಂದು ಪತ್ರವೂ ಇತ್ತು. ಗಾಳಿ ಎಲ್ಲಿ ಇಳಿಸೀತೆಂದು ಹೇಳಲಾಗದು ಅಂತ ಬಲ್ಲವರು ಮೊದಲೇ ಬರೆದು ಇಟ್ಟು ಕಳಿಸಿದ್ದರು.