ಸಫಾರಿ ಎಂದರೆ ಪ್ರಯಾಣ

ನಾವು ಈ ಶಾಲೆಯಲ್ಲಿ ಓದುತ್ತಿದ್ದಾಗ ನಮಗೆ ಗೊತ್ತಿದ್ದ ಸಫಾರಿ ಒಂದೇ. ಇನ್‌ಸ್ಪೆಕ್ಷನ್ ದಿನ ಹೆಡ್‌ಮಾಸ್ಟರು ಹಾಕಿಕೊಂಡು ಬರುತ್ತಿದ್ದ ಬೂದು ಬಣ್ಣದ ಸಫಾರಿ ಡ್ರೆಸ್ಸು. ಅರ್ಧ ತೋಳು, ನಾಲ್ಕು ಜೇಬು, ಅಂಗಿಗೂ ಪ್ಯಾಂಟಿಗೂ ಒಂದೇ ಬಟ್ಟೆ. ಆಮೇಲೆ ರಸ್ತೆಯಲ್ಲಿ ಟಾಟಾ ಸಫಾರಿ ಕಂಡೆವು. ಬಂಡೀಪುರದ ವ್ಯಾನಿಗೂ ಅದೇ ಹೆಸರು. ಬಿ.ಇ. ಮುಗಿಸಿ ಕೆಲಸಕ್ಕೆ ಸೇರಿದ ಮೇಲೆ ಆಪಲ್ ಕಂಪ್ಯೂಟರಿನಲ್ಲಿ ಸಫಾರಿ ಎಂಬ ಬ್ರೌಸರ್ ಸಿಕ್ಕಿತು. ಇಷ್ಟೆಲ್ಲ ಆದರೂ ಆ ಪದದ ಅರ್ಥ ಏನೆಂದು ನಾನು ಯಾರನ್ನೂ ಕೇಳಿರಲಿಲ್ಲ.

ಕೆಲವು ವರ್ಷಗಳ ಹಿಂದೆ ಕಂಪನಿ ಕೆಲಸದ ಮೇಲೆ ನೈರೋಬಿಗೆ ಹೋಗಿದ್ದೆ. ವಾಪಸ್ ಹೊರಟ ದಿನ ವಿಮಾನ ನಿಲ್ದಾಣದಲ್ಲಿ ಇಳಿಸಿದ ಡ್ರೈವರ್ ‘ಸಫಾರಿ ನ್ಜೇಮಾ’ ಎಂದ. ನಾನು ಊರಿಗೆ ಹೋಗುತ್ತಿದ್ದೇನೆ, ಸಫಾರಿಗಲ್ಲ ಎಂದೆ. ಆತ ನಕ್ಕುಬಿಟ್ಟ. ಸ್ವಾಹಿಲಿ ಭಾಷೆಯಲ್ಲಿ ಸಫಾರಿ ಎಂದರೆ ಪ್ರಯಾಣ, ಅಷ್ಟೇ. ನಮ್ಮ ಊರುಗಳ ಗಡಿಯಲ್ಲಿ ‘ಪ್ರಯಾಣ ಸುಖಕರವಾಗಿರಲಿ’ ಎಂದು ಬೋರ್ಡು ಹಾಕಿರುತ್ತಾರಲ್ಲ, ಆತ ಹೇಳಿದ್ದು ಅದನ್ನೇ. ಮೂಲ ಅರಬ್ಬಿಯ ‘ಸಫರ್’. ಹಿಂದಿ ಹಾಡುಗಳಲ್ಲಿ ನಾವು ಕೇಳುವ ಸಫರ್ ಕೂಡ ಅದೇ. ಹಾಗಾದರೆ ಪ್ರಯಾಣಕ್ಕೂ ಸಿಂಹಕ್ಕೂ ಗಂಟು ಬಿದ್ದದ್ದು ಹೇಗೆ? ಆಮೇಲೆ ಓದಿ ತಿಳಿದುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಹತ್ತೊಂಬತ್ತನೇ ಶತಮಾನದಲ್ಲಿ ಪೂರ್ವ ಆಫ್ರಿಕಾದ ಸಫಾರಿ ಎಂದರೆ ತಲೆಹೊರೆಯ ವ್ಯಾಪಾರ. ಜಾಂಜಿಬಾರ್ ದ್ವೀಪದ ಎದುರಿನ ಬಗಮೋಯೋ ಊರಿನಿಂದ ಟಾಂಗನಿಕಾ ಸರೋವರದ ದಂಡೆಯ ಉಜಿಜಿವರೆಗೆ ಸಾವಿರ ಕಿಲೋಮೀಟರಿಗೂ ಹೆಚ್ಚು ದೂರ. ಎತ್ತು, ಕುದುರೆಗಳನ್ನು ಹೂಡುವಂತಿರಲಿಲ್ಲ. ತ್ಸೆತ್ಸೆ ಎಂಬ ನೊಣ ಕಚ್ಚಿದರೆ ಅವು ರೋಗ ಬಂದು ಸಾಯುತ್ತಿದ್ದವು. ಹಾಗಾಗಿ ಎಲ್ಲವನ್ನೂ ಮನುಷ್ಯರೇ ಹೊರಬೇಕು. ಒಬ್ಬೊಬ್ಬರಿಗೆ ಸುಮಾರು ಮೂವತ್ತು ಕಿಲೋ. ಹೋಗುವಾಗ ಬಟ್ಟೆ, ಮಣಿ, ಹಿತ್ತಾಳೆ ತಂತಿ, ಬರುವಾಗ ಆನೆದಂತ. ನ್ಯಾಮ್ವೇಜಿ ಜನರು ಈ ಕೆಲಸದಲ್ಲಿ ಹೆಸರಾದವರು. ಅವರು ಕೂಲಿ ಮಾತಾಡಿಕೊಂಡು ಹೊರುತ್ತಿದ್ದವರು, ಗುಲಾಮರಲ್ಲ. ಆದರೆ ಅದೇ ದಾರಿಯಲ್ಲಿ ಗುಲಾಮರನ್ನೂ ನಡೆಸಿಕೊಂಡು ಹೋಗುತ್ತಿದ್ದರು. ಜಾಂಜಿಬಾರಿನ ಗುಲಾಮರ ಸಂತೆ ಮುಚ್ಚಿದ್ದು 1873ರಲ್ಲಿ.

ಇದರಲ್ಲಿ ನಮ್ಮ ದೇಶದ ಪಾಲೂ ಇದೆ. ಜಾಂಜಿಬಾರಿನ ಸುಂಕದ ಗುತ್ತಿಗೆ ಹಿಡಿದಿದ್ದು ಕಚ್ಛ್ ಮೂಲದ ಜೈರಾಮ್ ಶಿವಜಿಯ ಪೇಢಿ. ಆ ದಂತದಲ್ಲಿ ಬಹಳಷ್ಟು ಬೊಂಬಾಯಿಗೆ ಬಂದು ನಮ್ಮ ಹೆಣ್ಣುಮಕ್ಕಳ ಬಳೆಯಾಗುತ್ತಿತ್ತು.

1857ರಲ್ಲಿ ರಿಚರ್ಡ್ ಬರ್ಟನ್ ಮತ್ತು ಜಾನ್ ಸ್ಪೀಕ್ ಎಂಬ ಇಂಗ್ಲಿಷರು ಇದೇ ದಾರಿ ಹಿಡಿದು ಸರೋವರ ‘ಕಂಡುಹಿಡಿದರು’. ಸಫಾರಿ ಎಂಬ ಪದ ಇಂಗ್ಲಿಷಿಗೆ ಹೋದದ್ದು ಬರ್ಟನ್ ಬರಹದಿಂದ. ಅವರ ಜೊತೆಗಿದ್ದ ಒಬ್ಬನ ಹೆಸರು ಸಿದಿ ಮುಬಾರಕ್ ಬಾಂಬೆ. ಹುಡುಗನಾಗಿದ್ದಾಗ ಗುಲಾಮನಾಗಿ ಮಾರಾಟವಾಗಿ ಪಶ್ಚಿಮ ಭಾರತಕ್ಕೆ ಬಂದು, ಒಡೆಯ ಸತ್ತ ಮೇಲೆ ಬಿಡುಗಡೆಯಾಗಿ ಆಫ್ರಿಕಾಕ್ಕೆ ಮರಳಿದವನು. ಆತನ ಹಿಂದೂಸ್ತಾನಿ ಮಾತಿನಿಂದಲೇ ಬಿಳಿಯರಿಗೆ ದಾರಿ ಸಾಗಿತು. ಲಿವಿಂಗ್‌ಸ್ಟನ್ನನ್ನು ಹುಡುಕಿ ಹೊರಟ ಸ್ಟ್ಯಾನ್ಲಿಯ ತಂಡದಲ್ಲಿ ಅವನಿದ್ದ. 1873ರಿಂದ 75ರವರೆಗೆ ಕ್ಯಾಮರಾನ್ ಜೊತೆ ಖಂಡದ ಪೂರ್ವ ಕರಾವಳಿಯಿಂದ ಪಶ್ಚಿಮ ಕರಾವಳಿಗೆ ನಡೆದ. ನಮ್ಮ ಸಮಾಜ ಪಾಠದಲ್ಲಿ ಲಿವಿಂಗ್‌ಸ್ಟನ್, ಸ್ಟ್ಯಾನ್ಲಿ ಬಂದರು, ಈತ ಬರಲಿಲ್ಲ. ಯಲ್ಲಾಪುರ, ಹಳಿಯಾಳ ಕಡೆಯ ನಮ್ಮ ಸಿದ್ದಿಗಳ ಪೂರ್ವಜರು ಬಹುಮಟ್ಟಿಗೆ ಗೋವೆಯ ಪೋರ್ಚುಗೀಸರ ಮೂಲಕ ಬಂದವರು. ಬಂದ ದಾರಿ ಬೇರೆಯಾದರೂ ಹೆಸರು ಅದೇ ಆಗಿರುವುದನ್ನು ಗಮನಿಸಬೇಕು.

ರೈಲು ಬಂದು ಹೊರೆಯ ದಾರಿ ಹಳತಾಯಿತು. 1896ರಿಂದ 1901ರವರೆಗೆ ಮೊಂಬಾಸಾದಿಂದ ವಿಕ್ಟೋರಿಯಾ ಸರೋವರಕ್ಕೆ ಹಳಿ ಹಾಕಲು ಭಾರತದಿಂದ ಸುಮಾರು 32,000 ಕೂಲಿಗಳನ್ನು ಕರೆದೊಯ್ದರು. ಅವರಲ್ಲಿ ಸುಮಾರು 2,500 ಜನ ಸತ್ತರು. 1898ರಲ್ಲಿ ತ್ಸಾವೋ ಎಂಬಲ್ಲಿ ಎರಡು ಸಿಂಹಗಳು ಕೂಲಿಗಳನ್ನು ಡೇರೆಯಿಂದಲೇ ಎಳೆದೊಯ್ದ ಕಥೆ ಪ್ರಸಿದ್ಧ. ಅವನ್ನು ಕೊಂದ ಪ್ಯಾಟರ್ಸನ್ ಪುಸ್ತಕ ಬರೆದ; ಸಿಂಹಗಳು ಇಂದಿಗೂ ಶಿಕಾಗೋದ ವಸ್ತುಸಂಗ್ರಹಾಲಯದಲ್ಲಿವೆ. ಆದರೆ 2,500ರಲ್ಲಿ ಹೆಚ್ಚಿನವರನ್ನು ಕೊಂದದ್ದು ರೋಗ ಮತ್ತು ಅಪಘಾತ. ಅದಕ್ಕೆ ಪುಸ್ತಕ ಮಾರಾಟವಾಗುವುದಿಲ್ಲ. ಅಂದಹಾಗೆ, ಸ್ವಾಹಿಲಿಯಲ್ಲಿ ಈಗಲೂ ವಾಹನಕ್ಕೆ ‘ಗಾರಿ’ ಎನ್ನುತ್ತಾರೆ. ಅದು ನಮ್ಮವರು ಬಿಟ್ಟುಬಂದ ಗಾಡಿ.

ಅದೇ ರೈಲಿನಲ್ಲಿ ಶಿಕಾರಿಯವರು ಬಂದರು. 1909ರಲ್ಲಿ ಅಮೆರಿಕದ ಅಧ್ಯಕ್ಷ ಪದವಿ ಬಿಟ್ಟಿಳಿದ ಥಿಯೋಡೋರ್ ರೂಸ್‌ವೆಲ್ಟ್ ತಮ್ಮ ಮಗನೊಡನೆ ಮೊಂಬಾಸಾದಲ್ಲಿ ಇಳಿದರು. ತಂದೆ ಮಗ ಸೇರಿ 512 ಪ್ರಾಣಿಗಳನ್ನು ಹೊಡೆದರು. ಅದರಲ್ಲಿ 17 ಸಿಂಹ, 11 ಆನೆ, 20 ಖಡ್ಗಮೃಗ. ವಸ್ತುಸಂಗ್ರಹಾಲಯಕ್ಕಾಗಿ ಎಂಬುದು ಅವರ ಸಮಜಾಯಿಷಿ, ಹೋದದ್ದೂ ನಿಜ. ಅಲ್ಲಿಂದ ಮುಂದೆ ಹಣವಂತರಿಗೆಲ್ಲ ಸಫಾರಿ ಎಂದರೆ ಬೇಟೆ. ಸಿಂಹ, ಆನೆ, ಚಿರತೆ, ಕಾಡೆಮ್ಮೆ, ಖಡ್ಗಮೃಗಗಳನ್ನು ‘ಬಿಗ್ ಫೈವ್’ ಎಂದದ್ದು ಅವು ಗಾತ್ರದಲ್ಲಿ ದೊಡ್ಡವೆಂದಲ್ಲ, ಕಾಲ್ನಡಿಗೆಯಲ್ಲಿ ಹೊಡೆಯಲು ಅಪಾಯಕಾರಿ ಎಂದು. ಖಾಕಿ ಅಂಗಿಗೆ ಅಷ್ಟೊಂದು ಜೇಬು ಬಂದದ್ದೂ ತೋಟಾ ಇಟ್ಟುಕೊಳ್ಳಲು. ನಮ್ಮ ಹೆಡ್‌ಮಾಸ್ಟರ ಜೇಬಿನಲ್ಲಿ ಸೀಮೆಸುಣ್ಣ ಮತ್ತು ಕೆಂಪು ಪೆನ್ನು ಇರುತ್ತಿತ್ತು.

ಹೊರೆ ಹೊರುವವರು ಮಾತ್ರ ಆಗಲೂ ಇದ್ದರು. ಮೊದಲ ಮಹಾಯುದ್ಧದಲ್ಲಿ ಬ್ರಿಟಿಷರು ಅವರನ್ನು ಲಕ್ಷಗಟ್ಟಲೆ ಹಿಡಿದು ಸೈನ್ಯದ ಸಾಮಾನು ಹೊರಿಸಿದರು. ಹಸಿವು, ರೋಗಗಳಿಂದ 90,000ಕ್ಕೂ ಹೆಚ್ಚು ಮಂದಿ ಸತ್ತರೆಂದು ಅಂದಾಜು. ದಾರ್ ಎಸ್ ಸಲಾಮಿನ ದೊಡ್ಡ ಮಾರುಕಟ್ಟೆಯ ಹೆಸರು ಕರಿಯಾಕೂ. ‘ಕ್ಯಾರಿಯರ್ ಕೋರ್’ ಎಂಬುದು ಜನರ ಬಾಯಲ್ಲಿ ಹಾಗಾಯಿತು.

ಮೋಟಾರು ಬಂದ ಮೇಲೆ ಬಂದೂಕಿನ ಜಾಗಕ್ಕೆ ಕ್ಯಾಮೆರಾ ಬಂತು. ನೈರೋಬಿ ರಾಷ್ಟ್ರೀಯ ಉದ್ಯಾನ 1946ರಲ್ಲಿ, ಸೆರೆಂಗೆಟಿ 1951ರಲ್ಲಿ ಆದವು. ಕೆನ್ಯಾ 1977ರಲ್ಲಿ ಬೇಟೆಯನ್ನೇ ನಿಷೇಧಿಸಿತು. ಟಾಂಜಾನಿಯಾದಲ್ಲಿ ಹಣ ಕಟ್ಟಿ ಬೇಟೆಯಾಡುವುದು ಈಗಲೂ ಇದೆ. ಪ್ರಾಣಿಗಳು ಉಳಿದದ್ದು ಒಳ್ಳೆಯದೇ, ಅದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ಸೆರೆಂಗೆಟಿಯಲ್ಲಿ ದನ ಮೇಯಿಸಿಕೊಂಡಿದ್ದ ಮಸಾಯಿ ಜನರನ್ನು 1959ರಲ್ಲಿ ಪಕ್ಕದ ಗೊರೊಂಗೊರೊ ಕಡೆಗೆ ಕಳಿಸಿದರು. ಅಲ್ಲಿ ಇರಬಹುದೆಂದು ಆಗ ಮಾತು ಕೊಟ್ಟಿದ್ದರು. ಈಗ ಅಲ್ಲಿಂದಲೂ ಬೇರೆಡೆ ಹೋಗಿ ಎನ್ನುತ್ತಿದ್ದಾರೆ. 2022ರ ಜೂನ್‌ನಲ್ಲಿ ಹತ್ತಿರದ ಲೋಲಿಯೊಂಡೊದಲ್ಲಿ 1,500 ಚದರ ಕಿಲೋಮೀಟರ್ ಮೇವಿನ ನೆಲಕ್ಕೆ ಸರ್ಕಾರ ಗಡಿಕಲ್ಲು ನೆಟ್ಟಾಗ ಘರ್ಷಣೆಯಾಗಿ, ಎಷ್ಟೋ ಜನ ಗಡಿ ದಾಟಿ ಕೆನ್ಯಾಕ್ಕೆ ಓಡಿದರು. ಪ್ರವಾಸಿಗರು ನೋಡುವ ‘ಮನುಷ್ಯರಿಲ್ಲದ ಬಯಲು’ ಹೀಗೆ ಮನುಷ್ಯರನ್ನು ತೆಗೆದು ಆದದ್ದು. ನಾಗರಹೊಳೆಯ ಜೇನು ಕುರುಬರ ಕಥೆ ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕೆನ್ಯಾದ ಮಾರಾ ಸುತ್ತ ಬೇರೊಂದು ಪ್ರಯತ್ನ ನಡೆದಿದೆ. ಅಲ್ಲಿ ಮಸಾಯಿ ಕುಟುಂಬಗಳು ತಮ್ಮ ಜಮೀನನ್ನು ಪ್ರವಾಸೋದ್ಯಮಕ್ಕೆ ಗುತ್ತಿಗೆ ಕೊಟ್ಟು ತಿಂಗಳಿಗಿಷ್ಟು ಎಂದು ಬಾಡಿಗೆ ಪಡೆಯುತ್ತವೆ, ನಿಯಮದ ಪ್ರಕಾರ ದನವನ್ನೂ ಮೇಯಿಸುತ್ತವೆ. ಕೋವಿಡ್ ಬಂದು ಪ್ರವಾಸಿಗರು ನಿಂತಾಗ ಆ ಬಾಡಿಗೆಯೂ ಕುಸಿಯಿತು. ಆದರೂ ಜಮೀನು ಅವರ ಹೆಸರಿನಲ್ಲೇ ಇದೆ.

ನೈರೋಬಿಯ ಡ್ರೈವರನ್ನು ಮಸಾಯಿ ಮಾರಾ ನೋಡಿದ್ದೀರಾ ಎಂದು ಕೇಳಿದ್ದೆ. ಒಮ್ಮೆಯೂ ಇಲ್ಲ, ಅದು ನಮ್ಮ ಕೈಗೆ ಎಟುಕುವ ದುಡ್ಡಲ್ಲ ಎಂದ. ಕ್ರಿಸ್‌ಮಸ್‌ಗೆ ಹೆಂಡತಿ ಮಕ್ಕಳನ್ನು ಕರೆದುಕೊಂಡು ರಾತ್ರಿ ಬಸ್ಸಿನಲ್ಲಿ ಕಿಸುಮು ಹತ್ತಿರದ ತನ್ನ ಊರಿಗೆ ಹೋಗುತ್ತಾನಂತೆ. ಅದನ್ನು ಹೇಳುವಾಗಲೂ ಆತ ಬಳಸಿದ ಪದ ಸಫಾರಿಯೇ.