‘ಅೞಿದವ’ ಅಂದ್ರೆ ಸತ್ತವನಲ್ಲ

ಶಾಸನ ಓದೋಕೆ ಶುರು ಮಾಡಿದ ಹೊಸತರಲ್ಲಿ ‘ಇದನೞಿದವ’ ಅನ್ನೋದನ್ನ ‘ಸತ್ತವ’ ಅಂತ ಓದಿಕೊಂಡು ದಾನಶಾಸನವನ್ನೇ ವೀರಗಲ್ಲು ಮಾಡಿಬಿಟ್ಟಿದ್ದೆ! ಹಳಗನ್ನಡದ ‘ಅೞಿ’ಗೆ ನಾಶವಾಗು, ನಾಶಮಾಡು ಎರಡೂ ಅರ್ಥ, ‘ಇದನ್’ ಎಂಬ ಕರ್ಮಪದ ಇದ್ದರೆ ಎರಡನೆಯದೇ. ಬಾದಾಮಿ 3ನೇ ಗುಹೆಯ ಮಂಗಳೇಶನ ಕನ್ನಡ ಶಾಸನ ನೋಡಿ. ಕಲ್ಮನೆಗೆ ಲಂಜಿಗೇಸರ ಗ್ರಾಮ ಬಿಟ್ಟು, ದೇವರಿಗೆ ಹೂ ಒದಗಿಸುವ ಮಾಲೆಗಾರರಿಗೂ ಪಾಲು ಗೊತ್ತುಮಾಡಿ, ಇದನ್ನು ‘ಅೞಿವೋನ್’ ಏಳನೆಯ ನರಕದ ಹುಳುವಾಗುತ್ತಾನೆ ಅನ್ನುತ್ತೆ.

ನಮ್ಮ ಖಾನಾಪುರ ತಾಲ್ಲೂಕಿನ ಹಲಸಿಯಲ್ಲಿ ಸಿಕ್ಕ ಕದಂಬರ ತಾಮ್ರಪಟಗಳು ಸಂಸ್ಕೃತದವು. ಸಂಸ್ಕೃತ ದಾನಶಾಸನಗಳ ರೂಢಿಯ ಶಾಪಶ್ಲೋಕದಲ್ಲಿ ಬರೋ ಕ್ರಿಯಾಪದ ‘ಹರೇತ’, ಅಂದರೆ ಕಿತ್ತುಕೊಂಡರೆ. ಹೊಲವನ್ನ ಯಾರು ಹೊತ್ತೊಯ್ತಾರೆ? ಬೆಳಗಾವಿಯ ಕಚೇರಿ ಕಾಗದದ ‘ಪರಭಾರೆ’ಯೂ ಕೈ ಬದಲಾದದ್ದನ್ನಷ್ಟೇ ಹೇಳುತ್ತೆ. ಹೊಲ ಅಲ್ಲೇ ಇದ್ದು ಮಾಲೆಗಾರನ ಪಾಲು ನಿಂತರೂ ಕನ್ನಡಕ್ಕೆ ದತ್ತಿ ‘ಅೞಿ’ದಂತೆಯೇ.