ಗಾಜು ಹರಳುಗಟ್ಟುವ ಬಗೆ

ಜೇವರಗಿಯಿಂದ ಬೇರ್ಪಟ್ಟು ಈಗ ತಾಲ್ಲೂಕು ಕೇಂದ್ರವಾಗಿರುವ ಯಡ್ರಾಮಿಯಿಂದ ಹೊರಟು, ಭೀಮಾನದಿಯನ್ನು ದಾಟಿ ಅಫಜಲಪುರ, ಆಳಂದಗಳತ್ತ ನಡೆದೆವಾದರೆ, ಎರೆಮಣ್ಣಿಗೆ ತಾಯಿಯಾದ ಕರಿಗಲ್ಲು ನಮಗೆ ಕಾಣುತ್ತದೆ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಭೂಮಿಯ ಒಡಲಿನಿಂದ ಉಕ್ಕಿ ಹರಿದ ಶಿಲಾದ್ರವವು ಆರಿ ಈ ಕಲ್ಲಾಯಿತು. ಕರಿಗಲ್ಲನ್ನು ಮೂಸೆಯಲ್ಲಿ ಕರಗಿಸಿ ಒಡನೆಯೇ ಆರಿಸಿದರೆ ಗಾಜಾಗುತ್ತದೆ. ಹಾಗಾದರೆ ಬೆಂಕಿಯಲ್ಲಿ ಹುಟ್ಟಿದ ಈ ಕಲ್ಲಿನಲ್ಲಿ ಹರಳುಗಳೇಕೆ ತುಂಬಿವೆ?

ಹದಿನೆಂಟನೆಯ ಶತಮಾನದಲ್ಲಿ ಯೂರೋಪಿನ ವಿದ್ವಾಂಸರು ಇದೇ ವಿಷಯದಲ್ಲಿ ಎರಡು ಪಕ್ಷವಾಗಿದ್ದರು. ಇಂಥ ಶಿಲೆ ನೀರಿನಲ್ಲಿ ಹುಟ್ಟಿತೆಂದು ಕೆಲವರು. ಬೆಂಕಿಯಲ್ಲಿ ಹುಟ್ಟಿತೆಂದು ಸ್ಕಾಟ್ಲೆಂಡಿನ ಜೇಮ್ಸ್ ಹಟನ್ ಮತ್ತು ಆತನ ಅನುಯಾಯಿಗಳು. ಹಟನ್ನನ ಗೆಳೆಯನಾದ ಜೇಮ್ಸ್ ಹಾಲನಿಗೆ ಲೀತ್ ಪಟ್ಟಣದ ಗಾಜಿನ ಕಾರ್ಖಾನೆಯ ಒಂದು ಸಂಗತಿ ತಿಳಿದುಬಂದಿತು. ಅಲ್ಲಿ ನಿಧಾನವಾಗಿ ಆರಿದ ಗಾಜು ತನ್ನ ಹೊಳಪನ್ನು ಕಳೆದುಕೊಂಡು ಕಲ್ಲಿನಂತಾಗಿದ್ದಿತು. ಮತ್ತೆ ಕರಗಿಸಿ ಬೇಗ ಆರಿಸಲು ಪುನಃ ಗಾಜಾಯಿತು. ಕುಲುಮೆಯ ಪ್ರಯೋಗದಿಂದ ಭೂಮಿಯ ಮಹಾಕಾರ್ಯಗಳನ್ನು ಅಳೆಯುವುದು ಹಟನ್ನನಿಗೆ ಸಮ್ಮತವಿರಲಿಲ್ಲ. ಆ ಹಿರಿಯನ ಮೇಲಣ ಗೌರವದಿಂದ ಹಾಲನು ತಡೆದು, 1797ರಲ್ಲಿ ಆತನು ತೀರಿಕೊಂಡ ತರುವಾಯ, 1798ರಲ್ಲಿ ತನ್ನ ಪ್ರಯೋಗಫಲವನ್ನು ಎಡಿನ್‌ಬರೋದ ವಿದ್ವತ್ಸಭೆಯ ಮುಂದಿಟ್ಟನು. ಕರಗಿದ ಕರಿಗಲ್ಲು ಬೇಗ ಆರಿದರೆ ಗಾಜು, ನಿಧಾನವಾಗಿ ಆರಿದರೆ ಹರಳಿನ ಕಲ್ಲು. ಅಣುಗಳಿಗೆ ಕ್ರಮವಾಗಿ ನಿಲ್ಲಲು ಅವಕಾಶ ದೊರೆಯಿತೇ ಇಲ್ಲವೇ ಎಂಬುದರ ಮೇಲೆ ಎಲ್ಲವೂ ನಿಂತಿದೆ.

ಆ ಅವಕಾಶವನ್ನು ಅಳೆಯುವ ವಿದ್ಯೆ ಅನಂತರ ಬೆಳೆಯಿತು. 1887ರಲ್ಲಿ ಫ್ರಾನ್ಸಿನ ಲ ಶಾತೆಲ್ಯೆ ಜೇಡಿಮಣ್ಣನ್ನು ಕಾಯಿಸುತ್ತ ಅದರ ಉಷ್ಣಮಾನದ ಏರಿಕೆಯನ್ನು ಬರೆದಿಟ್ಟನು. 1899ರಲ್ಲಿ ಇಂಗ್ಲೆಂಡಿನ ರಾಬರ್ಟ್ಸ್-ಆಸ್ಟೆನ್ ಒಂದು ಹೊಸ ಉಪಾಯವನ್ನು ತಂದನು. ಪರೀಕ್ಷಿಸಬೇಕಾದ ವಸ್ತುವನ್ನೂ ಯಾವ ವಿಕಾರಕ್ಕೂ ಒಳಗಾಗದ ಮತ್ತೊಂದನ್ನೂ ಜೊತೆಯಾಗಿ ಕಾಯಿಸಿ, ಎರಡರ ಉಷ್ಣಮಾನದ ಅಂತರವನ್ನು ನೋಡುವುದೇ ಆ ಉಪಾಯ. ಗಾಜು ಮೆತ್ತಗಾಗುವಾಗ ರೇಖೆ ಒಂದಿಷ್ಟು ಕುಗ್ಗುತ್ತದೆ. ಹರಳುಗಟ್ಟುವಾಗ ಶಾಖವನ್ನು ಹೊರಚೆಲ್ಲುವುದರಿಂದ ಶಿಖರವೇಳುತ್ತದೆ. ಕರಗುವಾಗ ಶಾಖವನ್ನು ಹೀರಿ ಮತ್ತೆ ತಗ್ಗುತ್ತದೆ. ಬೇಗಬೇಗ ಕಾಯಿಸಿದಷ್ಟೂ ಆ ಶಿಖರವು ಹೆಚ್ಚಿನ ಉಷ್ಣಮಾನಕ್ಕೆ ಸರಿಯುತ್ತದೆ. ಈ ಸರಿತದಿಂದ, ಬದಲಾವಣೆಗೆ ಅಡ್ಡನಿಂತಿರುವ ಶಕ್ತಿಯ ತಡೆಯನ್ನು ಲೆಕ್ಕಹಾಕುವ ಮಾರ್ಗವನ್ನು 1957ರಲ್ಲಿ ಕಿಸಿಂಜರ್ ಎಂಬ ವಿಜ್ಞಾನಿ ತೋರಿಸಿದನು.

ಕನ್ನಡನಾಡಿಗೂ ಈ ಚರಿತ್ರೆಯಲ್ಲಿ ಪಾಲುಂಟು. ಮೈಸೂರು ಸಂಸ್ಥಾನವು ನೀಡಿದ ನೆಲದಲ್ಲಿ 1909ರಲ್ಲಿ ಸ್ಥಾಪಿತವಾದ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, 1980ರ ದಶಕದಲ್ಲಿ ಇ. ಎಸ್. ಆರ್. ಗೋಪಾಲ್, ಎಸ್. ಅಶೋಕನ್, ಜಿ. ಪಾರ್ಥಸಾರಥಿ ಮೊದಲಾದವರು ಟೆಲ್ಲೂರಿಯಂ ಬೆರೆತ ಗಾಜುಗಳನ್ನು ಹೀಗೆಯೇ ಕಾಯಿಸಿ, ಅವು ಹರಳುಗಟ್ಟುವ ಹಂತಗಳನ್ನು ಶೋಧಿಸಿದರು. ಇದು ಬರಿಯ ಕುತೂಹಲದ ಕೆಲಸವಲ್ಲ. ಮತ್ತೆ ಮತ್ತೆ ಬರೆದು ಅಳಿಸಬಹುದಾದ ತಟ್ಟೆಗಳಲ್ಲಿ ಇಂಥ ಟೆಲ್ಲೂರಿಯಂ ಮಿಶ್ರಣವೇ ಲೇಪವಾಗಿರುತ್ತದೆ. ಬೆಳಕಿನ ಮೊನೆಯಿಂದ ಕರಗಿ ಥಟ್ಟನೆ ಆರಿದ ಚುಕ್ಕೆ ಗಾಜಾಗಿ ಅಕ್ಷರವನ್ನು ಹಿಡಿಯುತ್ತದೆ. ಹದವಾಗಿ ಕಾದ ಚುಕ್ಕೆ ಹರಳಾಗಿ ಅದನ್ನು ಅಳಿಸುತ್ತದೆ. ತಾನಾಗಿ ಹರಳುಗಟ್ಟುವ ಗಾಜಿನಲ್ಲಿ ಬರೆದುದು ಉಳಿಯಲಾರದು. ಹರಳುಗಟ್ಟಲು ಒಪ್ಪದ ಗಾಜಿನಲ್ಲಿ ಬರೆದುದನ್ನು ಅಳಿಸಲಾಗದು. ಆಳಂದದ ಕರಿಗಲ್ಲನ್ನು ರೂಪಿಸಿದ ನಿಯಮವೇ ಆ ಚುಕ್ಕೆಯನ್ನೂ ಆಳುತ್ತಿದೆ.